ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಹಣ್ಣಿನ ನೊಣದ ಪ್ರಭೇದ ನಿರ್ಣಯ

ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎಂಬುದು ಮಾವು, ಸೀಬೆ, ಪಪಾಯ, ಬಾಳೆ ಮೊದಲಾದ ಹಣ್ಣುಗಳ ಒಳಗೆ ಮೊಟ್ಟೆಯಿಡುವ ಒಂದು ನೊಣ. ಇದು ಟೆಫ್ರಿಟಿಡೀ ಕುಟುಂಬಕ್ಕೆ ಸೇರಿದೆ. ಇಂಗ್ಲಿಷಿನಲ್ಲಿ ಇದನ್ನು ಓರಿಯೆಂಟಲ್ ಫ್ರೂಟ್ ಫ್ಲೈ ಎಂದು ಕರೆಯುತ್ತಾರೆ. ಏಷ್ಯಾದ ಉಷ್ಣವಲಯ ಇದರ ಮೂಲನೆಲೆ. ಇಂದು ಆಫ್ರಿಕಾದ ಬಹುಭಾಗ ಹಾಗೂ ಹವಾಯಿ ದ್ವೀಪಗಳಲ್ಲಿಯೂ ಇದು ನೆಲೆಸಿದೆ. ಈ ನೊಣದ ಮೈಬಣ್ಣ, ರೆಕ್ಕೆಯ ಆಕಾರ ಮತ್ತು ಹೆಣ್ಣಿನ ಅಂಡಸೂಜಿಯ ಉದ್ದ ಊರಿಂದೂರಿಗೆ ಬದಲಾಗುತ್ತವೆ. ಈ ವ್ಯತ್ಯಾಸಗಳನ್ನು ಆಧಾರವಾಗಿಟ್ಟುಕೊಂಡು 1994ರಿಂದ 2005ರ ನಡುವೆ ಇದೇ ನೊಣಕ್ಕೆ ಇನ್ನೂ ಮೂರು ಪ್ರಭೇದನಾಮಗಳನ್ನು ಕೊಡಲಾಯಿತು. ಆ ಮೂರೂ ಬೇರೆ ಪ್ರಭೇದಗಳಲ್ಲ, ಒಂದೇ ಪ್ರಭೇದದೊಳಗಿನ ವೈವಿಧ್ಯ ಮಾತ್ರ ಎಂದು ತೀರ್ಮಾನಿಸಲು ಸುಮಾರು ಇಪ್ಪತ್ತು ವರ್ಷಗಳು ಹಿಡಿದವು. ಪ್ರಸ್ತುತ ಲೇಖನವು ಆ ಗೊಂದಲ ಹೇಗೆ ಹುಟ್ಟಿತು, ಹೇಗೆ ಬಗೆಹರಿಯಿತು ಮತ್ತು ಈ ನೊಣವನ್ನು ಗುರುತಿಸುವ ಬಗೆ ಯಾವುದು ಎಂಬುದನ್ನು ಕುರಿತದ್ದು.

ಹೆಸರಿನ ಗೊಂದಲ

'ಹಣ್ಣಿನ ನೊಣ' ಎಂಬ ಮಾತು ಕನ್ನಡದಲ್ಲಿ ಎರಡು ಬೇರೆ ಕುಟುಂಬಗಳ ಕೀಟಗಳಿಗೆ ಬಳಕೆಯಾಗುತ್ತಿದೆ. ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ, ಎರಡು ಮೂರು ಮಿಲಿಮೀಟರು ಉದ್ದದ, ತಳಿವಿಜ್ಞಾನದ ಪ್ರಯೋಗಗಳಿಂದ ಪ್ರಸಿದ್ಧವಾದ ಡ್ರಾಸೊಫಿಲ ಒಂದು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಾಕಿ ಅಧ್ಯಯನ ಮಾಡುತ್ತ ಬಂದಿರುವುದು ಈ ಡ್ರಾಸೊಫಿಲವನ್ನು. ಇಲ್ಲಿ ವಿವರಿಸುತ್ತಿರುವ ನೊಣ ಅದಲ್ಲ. ಇದು ಸುಮಾರು 8 ಮಿಲಿಮೀಟರು ಉದ್ದವಿದ್ದು, ನೋಡಿದ ಕ್ಷಣಕ್ಕೆ ಸಣ್ಣ ಕಣಜದಂತೆ ಕಾಣುತ್ತದೆ. ಕೊಳೆತ ಹಣ್ಣನ್ನು ಹುಡುಕದೆ, ಗಿಡದಲ್ಲಿ ಬಲಿಯುತ್ತಿರುವ ಗಟ್ಟಿ ಹಣ್ಣನ್ನೇ ಚುಚ್ಚುತ್ತದೆ. ಕೋಲಾರ ಭಾಗದ ಮಾವು ಬೆಳೆಗಾರರು ಇದನ್ನು 'ಊಜಿ' ಎನ್ನುವುದೂ ಉಂಟು. ರೇಷ್ಮೆ ಹುಳುವಿಗೆ ಬೀಳುವ ಊಜಿ ನೊಣವಾದರೋ ಮೂರನೆಯ ಒಂದು ಕುಟುಂಬದ್ದು. ಆಡುಮಾತಿನಲ್ಲಿ ಬೇರೆ ಬೇರೆ ಜೀವಿಗಳಿಗೆ ಒಂದೇ ಹೆಸರು ಇರುವುದು ಸಹಜ. ಆದರೆ ಒಂದೇ ಜೀವಿಗೆ ವಿಜ್ಞಾನಿಗಳು ನಾಲ್ಕು ಹೆಸರಿಟ್ಟರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡಬಹುದು.

ನಾಮಕರಣದ ಇತಿಹಾಸ

ಈ ನೊಣವನ್ನು 1794ರಲ್ಲಿಯೇ ಫ್ಯಾಬ್ರೀಷಿಯಸ್ 'ಮಸ್ಕಾ ಫೆರುಜಿನಿಯಾ' ಎಂದು ಹೆಸರಿಸಿದ್ದನು. ಆದರೆ ಅದೇ ಹೆಸರನ್ನು ಬೇರೊಂದು ನೊಣಕ್ಕೆ ಮೊದಲೇ ಕೊಟ್ಟಿದ್ದುದರಿಂದ, ನಾಮಕರಣದ ನಿಯಮದಂತೆ ಅದು ನಿಲ್ಲಲಿಲ್ಲ. 1912ರಲ್ಲಿ ಆಸ್ಟ್ರಿಯಾದ ಫ್ರೆಡ್ರಿಕ್ ಹೆಂಡೆಲ್ ಅಂದಿನ ಫಾರ್ಮೋಸಾ, ಅಂದರೆ ಇಂದಿನ ತೈವಾನ್ ದ್ವೀಪದ ಮಾದರಿಗಳನ್ನು ಆಧರಿಸಿ 'ಡೇಕಸ್ ಡಾರ್ಸಾಲಿಸ್' ಎಂದು ಹೆಸರಿಟ್ಟನು. ಡಾರ್ಸಾಲಿಸ್ ಎಂದರೆ ಬೆನ್ನಿಗೆ ಸಂಬಂಧಿಸಿದ್ದು ಎಂದರ್ಥ. ಮುಂದೆ ಜಾತಿಯ ಹೆಸರು ಡೇಕಸ್ ಎಂಬುದರಿಂದ ಬ್ಯಾಕ್ಟ್ರೋಸೆರಾ ಎಂದು ಬದಲಾಯಿತು.

1940ರ ದಶಕದಲ್ಲಿ ಈ ನೊಣ ಹವಾಯಿ ದ್ವೀಪಗಳನ್ನು ಹೊಕ್ಕಿತು. ಆಮೇಲೆ ಇದರ ಅಧ್ಯಯನ ಚುರುಕಾಯಿತು. ಹವಾಯಿಯ ಕೀಟಶಾಸ್ತ್ರಜ್ಞ ಎಲ್ಮೋ ಹಾರ್ಡಿ 1969ರಲ್ಲಿ, ಡಾರ್ಸಾಲಿಸ್ ಎಂಬ ಒಂದೇ ಹೆಸರಿನಡಿ ತೀರ ಹತ್ತಿರದ ಹಲವು ನೊಣಗಳು ಸೇರಿಹೋಗಿವೆ ಎಂಬುದನ್ನು ತೋರಿಸಿದರು. ಹೀಗೆ ಹೊರನೋಟಕ್ಕೆ ಬೇರ್ಪಡಿಸಲು ಕಷ್ಟವಾದ, ಪರಸ್ಪರ ನಂಟುಳ್ಳ ಪ್ರಭೇದಗಳ ಗುಂಪನ್ನು 'ಪ್ರಭೇದ ಸಂಕೀರ್ಣ' ಎನ್ನುತ್ತಾರೆ.

1994ರಲ್ಲಿ ಆಸ್ಟ್ರೇಲಿಯಾದ ಡ್ರೂ ಮತ್ತು ಹ್ಯಾನ್ಕಾಕ್ ಏಷ್ಯಾದ ಡಾರ್ಸಾಲಿಸ್ ಸಂಕೀರ್ಣವನ್ನು ಸಮಗ್ರವಾಗಿ ಪರಿಶೀಲಿಸಿ ಅದರಲ್ಲಿ 52 ಪ್ರಭೇದಗಳನ್ನು ಗುರುತಿಸಿದರು. ಇವುಗಳಲ್ಲಿ 40 ಹೊಸವು. ಇದು ಅಸಾಧಾರಣ ಶ್ರಮದ ಕೆಲಸ. ಅಲ್ಲಿ ಹೆಸರಿಸಿದ ಹೊಸ ಪ್ರಭೇದಗಳಲ್ಲಿ ಹೆಚ್ಚಿನವು ಇಂದಿಗೂ ಮಾನ್ಯವಾಗಿವೆ ಎಂಬುದನ್ನು ಮರೆಯಬಾರದು. ವಿವಾದಕ್ಕೆ ಎಡೆಯಾದದ್ದು ಬೆರಳೆಣಿಕೆಯ ಹೆಸರುಗಳು ಮಾತ್ರ: ಮಲಯ ಪರ್ಯಾಯದ್ವೀಪ ಮತ್ತು ಇಂಡೋನೇಷ್ಯಾದ ನೊಣಕ್ಕೆ 'ಪಪಾಯೇ', ಫಿಲಿಪ್ಪೀನ್ಸಿನದಕ್ಕೆ 'ಫಿಲಿಪ್ಪಿನೆನ್ಸಿಸ್', ಹಾಗೂ ಕಮರಾಕ್ಷಿ ಹಣ್ಣಿನ ಹೆಸರನ್ನು ಹೊತ್ತ 'ಕಾರಂಬೋಲೇ'.

ನಾಲ್ಕನೆಯ ಹೆಸರು ಆಫ್ರಿಕಾದಿಂದ ಬಂತು. 2003ರಲ್ಲಿ ಕೀನ್ಯಾದ ಬಲೆಗಳಲ್ಲಿ ಅದುವರೆಗೆ ಆ ಖಂಡದಲ್ಲಿ ಕಂಡಿರದ ಒಂದು ಹಣ್ಣಿನ ನೊಣ ಸಿಕ್ಕಿತು. ಅಂಥದೇ ನೊಣ ಶ್ರೀಲಂಕಾದಲ್ಲಿಯೂ ಇರುವುದು ತಿಳಿಯಿತು. ಇದರ ಬೆನ್ನಿನ ಬಣ್ಣ ಕಪ್ಪಿನಿಂದ ಕೆಂಗಂದಿನವರೆಗೆ ಹರಡಿದ್ದುದರಿಂದ ಇದನ್ನು ಡಾರ್ಸಾಲಿಸ್ ಎನ್ನಲು ಹಿಂಜರಿದು, 2005ರಲ್ಲಿ ಡ್ರೂ, ಸುರುತ ಮತ್ತು ವೈಟ್ 'ಬ್ಯಾಕ್ಟ್ರೋಸೆರಾ ಇನ್ವೇಡೆನ್ಸ್', ಅಂದರೆ 'ಆಕ್ರಮಿಸುವ ನೊಣ' ಎಂದು ಹೆಸರಿಟ್ಟರು. ಹೆಸರಿಗೆ ತಕ್ಕಂತೆ ಅದು ಕೆಲವೇ ವರ್ಷಗಳಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಬಹುಪಾಲು ದೇಶಗಳನ್ನು ವ್ಯಾಪಿಸಿತು.

ಗುರುತಿಸಲು ಬಳಸುವ ಲಕ್ಷಣಗಳು

ಮುಖದ ಮೇಲೆ ಒಂದು ಜೊತೆ ಕಪ್ಪು ಚುಕ್ಕೆಗಳು. ಬೆನ್ನಿನ ಇಕ್ಕೆಲಗಳಲ್ಲಿ ಅಗಲವಾದ, ಸಮಾನಾಂತರ ಅಂಚಿನ ಹಳದಿ ಪಟ್ಟಿಗಳು. ಬೆನ್ನಿನ ತುದಿಯಲ್ಲಿ ಹಳದಿ ಬಣ್ಣದ ಪುಟ್ಟ ಫಲಕ. ಹೊಟ್ಟೆಯ ಮೇಲೆ ಇಂಗ್ಲಿಷಿನ 'ಟಿ' ಅಕ್ಷರದಂಥ ಕಪ್ಪು ಗುರುತು. ರೆಕ್ಕೆಯ ಮುಂಚೂಣಿಯ ಅಂಚಿನಲ್ಲಿ ಸಣ್ಣದಾಗಿ ಸಾಗುವ ಕಂದುಪಟ್ಟಿ: ಇವು ಡಾರ್ಸಾಲಿಸ್ ನೊಣದ ಮುಖ್ಯ ಲಕ್ಷಣಗಳು. ಬೆನ್ನಿನ ನಡುಭಾಗ ಸಾಮಾನ್ಯವಾಗಿ ಕಪ್ಪು. ಆದರೆ ದಕ್ಷಿಣ ಏಷ್ಯಾದಲ್ಲಿ ಕಪ್ಪು, ಕಂದು, ಮತ್ತು ಕಂದಿನ ನಡುವೆ ಈಟಿಯ ಮೊನೆಯಂಥ ಕಪ್ಪು ಪಟ್ಟೆಯುಳ್ಳ ನೊಣಗಳು ಒಂದೇ ಬಲೆಯಲ್ಲಿ ಜೊತೆಯಾಗಿ ಬೀಳುತ್ತವೆ. ಬಣ್ಣವೊಂದನ್ನೇ ನೆಚ್ಚಿದವರು ತಪ್ಪಿದ್ದು ಇಲ್ಲಿಯೇ.

ಪಪಾಯೇ ಎಂಬುದನ್ನು ಡಾರ್ಸಾಲಿಸ್‌ನಿಂದ ಬೇರ್ಪಡಿಸಲು ಬಳಸುತ್ತಿದ್ದ ಪ್ರಧಾನ ಲಕ್ಷಣ ಹೆಣ್ಣಿನ ಅಂಡಸೂಜಿಯ ಉದ್ದ. ಹಣ್ಣಿನ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯನ್ನು ಒಳಗೆ ಸೇರಿಸುವ ಈ ಸೂಜಿ ಡಾರ್ಸಾಲಿಸ್‌ನಲ್ಲಿ ಸುಮಾರು ಒಂದೂವರೆ ಮಿಲಿಮೀಟರು, ಪಪಾಯೇಯಲ್ಲಿ ಎರಡು ಮಿಲಿಮೀಟರಿಗೆ ಸಮೀಪ ಎಂಬುದು ಆಗಿನ ಲೆಕ್ಕ. ಅರ್ಧ ಮಿಲಿಮೀಟರಿನ ಈ ಅಂತರದ ಮೇಲೆ ಒಂದು ಪ್ರಭೇದ ನಿಂತಿತ್ತು. ಇದರಲ್ಲಿ ಇನ್ನೊಂದು ತೊಡಕೂ ಇತ್ತು. ಸಮೀಕ್ಷೆಗೆ ಬಳಸುವ ಮೀಥೈಲ್ ಯೂಜಿನಾಲ್ ಬಲೆಗಳಿಗೆ ಬೀಳುವುದು ಗಂಡು ನೊಣಗಳು. ಗಂಡಿಗೆ ಅಂಡಸೂಜಿಯೇ ಇಲ್ಲ. ಹೀಗಾಗಿ ಬಲೆಯಲ್ಲಿ ಸಿಕ್ಕ ಸಾವಿರಾರು ನೊಣಗಳನ್ನು ಎಷ್ಟೋ ಸಲ ಅವು ಸಿಕ್ಕ ಊರಿನ ಆಧಾರದಿಂದಲೇ ಹೆಸರಿಸಬೇಕಾಗುತ್ತಿತ್ತು. ಥಾಯ್ಲೆಂಡಿನ ಉತ್ತರದಲ್ಲಿ ಸಿಕ್ಕರೆ ಡಾರ್ಸಾಲಿಸ್, ದಕ್ಷಿಣದಲ್ಲಿ ಸಿಕ್ಕರೆ ಪಪಾಯೇ ಎಂದಂತೆ. ಇದು ಗುರುತಿಸುವಿಕೆಯಲ್ಲ, ಊಹೆ.

ಮಾದರಿಯನ್ನು ಕಾಪಾಡುವ ಕ್ರಮವೂ ಮುಖ್ಯ. ಕೋಶದಿಂದ ಆಗತಾನೆ ಹೊರಬಂದ ನೊಣದ ಮೈಬಣ್ಣ ಪೇಲವವಾಗಿರುತ್ತದೆ. ಸಕ್ಕರೆ ನೀರನ್ನು ಕೊಟ್ಟು ಕೆಲವು ದಿನ ಬದುಕಗೊಟ್ಟ ಮೇಲಷ್ಟೇ ಗುರುತುಗಳು ಸ್ಪಷ್ಟವಾಗುತ್ತವೆ. ಬಹುಕಾಲ ಮದ್ಯಸಾರದಲ್ಲಿ ಮುಳುಗಿಸಿಟ್ಟರೆ ಹಳದಿ ಬಣ್ಣ ಮಾಸುತ್ತದೆ. ಹಣ್ಣಿನೊಳಗಿನ ಮರಿಹುಳುವನ್ನು ನೋಡಿ ಈ ಸಂಕೀರ್ಣದ ಪ್ರಭೇದಗಳನ್ನು ಹೇಳುವುದು ಕಷ್ಟಸಾಧ್ಯ. ಅದನ್ನು ಸಾಕಿ ನೊಣವಾಗಿಸಿ ನೋಡಬೇಕು, ಇಲ್ಲವೇ ಅದರ ಡಿಎನ್‌ಎ ಪರೀಕ್ಷಿಸಬೇಕು.

ಏಕೆ ಇದು ಹೆಸರಿನ ಜಗಳ ಮಾತ್ರವಲ್ಲ

ಹೆಣ್ಣು ನೊಣವೊಂದು ತನ್ನ ಜೀವಿತದಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಒಂದೆರಡು ದಿನಗಳಲ್ಲಿ ಒಡೆಯುವ ಮೊಟ್ಟೆಗಳಿಂದ ಬಂದ ಮರಿಹುಳುಗಳು ತಿರುಳನ್ನು ತಿಂದು, ಹಣ್ಣು ಉದುರಿದ ಬಳಿಕ ಮಣ್ಣಿಗಿಳಿದು ಕೋಶಾವಸ್ಥೆಯನ್ನು ಕಳೆಯುತ್ತವೆ. ಹೊರಗಿನಿಂದ ಹಣ್ಣಿನ ಮೇಲೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಹೀಗೆ ಕಣ್ಣಿಗೆ ಬೀಳದೆ ಗಡಿ ದಾಟುವುದರಿಂದಲೇ ಆಮದು ಮಾಡಿಕೊಳ್ಳುವ ದೇಶಗಳು ಹಣ್ಣಿನ ನೊಣಗಳಿಗೆ ಹೆದರುತ್ತವೆ. ಐರೋಪ್ಯ ಒಕ್ಕೂಟವು 2014ರ ಮೇ 1ರಿಂದ ಭಾರತದ ಮಾವು ಮತ್ತು ನಾಲ್ಕು ತರಕಾರಿಗಳನ್ನು ತಡೆಹಿಡಿದದ್ದು, ಬಂದ ಸರಕಿನಲ್ಲಿ ಹಣ್ಣಿನ ನೊಣ ಮೊದಲಾದ ಕೀಟಗಳು ಕಂಡವೆಂಬ ಕಾರಣಕ್ಕೆ. ಮಾವಿನ ಮೇಲಿನ ತಡೆ 2015ರ ಆರಂಭದಲ್ಲಿ ತೆರವಾಯಿತು. ಜಪಾನು 2006ರಲ್ಲಿ ಬಿಸಿ ಆವಿಯ ಉಪಚಾರದ ಕಟ್ಟಳೆಯೊಂದಿಗೆ, ಅಮೆರಿಕವು 2007ರಲ್ಲಿ ವಿಕಿರಣೋಪಚಾರದ ಕಟ್ಟಳೆಯೊಂದಿಗೆ ನಮ್ಮ ಮಾವನ್ನು ಒಪ್ಪಿಕೊಂಡವು.

ಇಂಥ ಕಟ್ಟಳೆಗಳೆಲ್ಲ ಪ್ರಭೇದದ ಹೆಸರನ್ನು ಹಿಡಿದು ನಡೆಯುತ್ತವೆ. 'ನಮ್ಮಲ್ಲಿ ಡಾರ್ಸಾಲಿಸ್ ಇದೆ, ಇನ್ವೇಡೆನ್ಸ್ ಇಲ್ಲ' ಎನ್ನುವ ದೇಶವು ಇನ್ವೇಡೆನ್ಸ್ ಇರುವ ದೇಶದ ಹಣ್ಣನ್ನು ತಡೆಯಬಹುದು. ಒಂದು ಪ್ರಭೇದಕ್ಕೆ ಸಿದ್ಧಪಡಿಸಿದ ಉಪಚಾರ ಇನ್ನೊಂದಕ್ಕೂ ಸಾಕೆಂದು ತೋರಿಸಲು ಪ್ರಯೋಗಗಳನ್ನು ಮೊದಲಿಂದ ಮಾಡಬೇಕಾಗುತ್ತದೆ. ಎರಡೂ ಒಂದೇ ನೊಣವಾಗಿದ್ದರೆ ಆ ತಡೆಯೂ ವ್ಯರ್ಥ, ಆ ಪ್ರಯೋಗವೂ ವ್ಯರ್ಥ. ನಷ್ಟ ಮಾತ್ರ ಬೆಳೆಗಾರನದು.

ನಿಯಂತ್ರಣದ ದೃಷ್ಟಿಯಿಂದಲೂ ಇದು ಮುಖ್ಯ. ಗಂಡುಗಳನ್ನು ವಿಕಿರಣದಿಂದ ಬಂಜೆಯಾಗಿಸಿ ಲಕ್ಷಗಟ್ಟಲೆ ಹಾರಿಬಿಡುವ ವಿಧಾನವೊಂದಿದೆ. ಹಾಗೆ ಬಿಟ್ಟ ಗಂಡುಗಳು ಸ್ಥಳೀಯ ಹೆಣ್ಣುಗಳೊಡನೆ ಕೂಡಿದರೆ ಮಾತ್ರ ಅದಕ್ಕೆ ಫಲ. ಬೇರೆ ಪ್ರಭೇದದ ಗಂಡನ್ನು ಬಿಟ್ಟರೆ ಹಣವೂ ಹೋಯಿತು, ನೊಣವೂ ಉಳಿಯಿತು. ಆಸ್ಟ್ರೇಲಿಯಾದ ಕೇರ್ನ್ಸ್ ಪ್ರದೇಶದಲ್ಲಿ 1995ರಲ್ಲಿ ಕಾಣಿಸಿಕೊಂಡು, 1999ರ ಹೊತ್ತಿಗೆ ನಿರ್ಮೂಲವಾದ ನೊಣವನ್ನು ಆಗ ಪಪಾಯೇ ಎಂದೂ, 1997ರಲ್ಲಿ ಡಾರ್ವಿನ್ ನಗರದಲ್ಲಿ ಕಂಡದ್ದನ್ನು ಫಿಲಿಪ್ಪಿನೆನ್ಸಿಸ್ ಎಂದೂ ದಾಖಲಿಸಲಾಗಿತ್ತು. ಇಂದಿನ ಲೆಕ್ಕದಲ್ಲಿ ಎರಡು ಊರುಗಳಿಗೂ ನುಗ್ಗಿದ್ದು ಒಂದೇ ಪ್ರಭೇದ.

ಪರೀಕ್ಷೆಗಳು

ಪ್ರಭೇದವೆಂದರೇನು ಎಂಬ ಪ್ರಶ್ನೆಗೆ ಶಾಲಾ ಪಠ್ಯಪುಸ್ತಕವು ಒಂದೇ ವಾಕ್ಯದಲ್ಲಿ ಉತ್ತರಿಸುತ್ತದೆ: ತಮ್ಮತಮ್ಮೊಳಗೆ ಕೂಡಿ ಸಂತಾನವನ್ನು ಪಡೆಯುವ, ಇತರರೊಡನೆ ಪಡೆಯದ ಜೀವಿಗಳ ಗುಂಪು. ಅರ್ನ್‌ಸ್ಟ್ ಮೇಯರ್ 1942ರಲ್ಲಿ ಪ್ರಚುರಪಡಿಸಿದ ಈ ವ್ಯಾಖ್ಯೆ ಹೇಳುವುದಕ್ಕೆ ಸುಲಭ. ಸಂಗ್ರಹಾಲಯದಲ್ಲಿ ಸೂಜಿಗೆ ಚುಚ್ಚಿಟ್ಟ ಸತ್ತ ನೊಣಕ್ಕೆ ಅದನ್ನು ಅನ್ವಯಿಸುವುದು ಹೇಗೆ? ಆದ್ದರಿಂದ ವರ್ಗೀಕರಣಕಾರರು ಬಣ್ಣ, ಆಕಾರ, ಅಳತೆಗಳ ಮೊರೆಹೋಗುತ್ತಾರೆ. ಈ ಅಳತೆಗಳು ನಿಜವಾಗಿ ಎರಡು ಗುಂಪುಗಳಾಗಿ ಒಡೆಯುತ್ತವೆಯೋ, ಅಥವಾ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಬದಲಾಗುತ್ತ ಹೋಗುತ್ತವೆಯೋ ಎಂಬುದೇ ನಿರ್ಣಾಯಕ. ದೂರದ ಎರಡು ಊರುಗಳ ಮಾದರಿಗಳನ್ನಷ್ಟೇ ಹೋಲಿಸಿದರೆ ಎರಡು ಗುಂಪುಗಳಿದ್ದಂತೆ ಕಾಣುತ್ತದೆ. ನಡುವಿನ ಊರುಗಳ ನೊಣಗಳನ್ನೂ ಸೇರಿಸಿದಾಗ ಗೆರೆ ಅಳಿಸಿಹೋಗಬಹುದು.

ಥಾಯ್ಲೆಂಡ್ ಮತ್ತು ಮಲೇಷ್ಯಾಗಳ ನಡುವಿನ ಕಿರಿದಾದ ನೆಲಪಟ್ಟಿಯ ಉದ್ದಕ್ಕೂ ನೊಣಗಳನ್ನು ಸಂಗ್ರಹಿಸಿ ನೋಡಿದಾಗ ಆದದ್ದು ಹೀಗೆಯೇ. ಡಾರ್ಸಾಲಿಸ್ ಮುಗಿದು ಪಪಾಯೇ ಆರಂಭವಾಗುವುದೆಂದು ನಂಬಿದ್ದ ಕ್ರಾ ಭೂಸಂಧಿಯ ಬಳಿ ಅಂಡಸೂಜಿಯ ಉದ್ದದಲ್ಲಾಗಲಿ, ರೆಕ್ಕೆಯ ಆಕಾರದಲ್ಲಾಗಲಿ, ತಳಿಗುಣದಲ್ಲಾಗಲಿ ಸ್ಪಷ್ಟವಾದ ಒಡಕು ಕಾಣಲಿಲ್ಲ. ರೆಕ್ಕೆಯ ಆಕಾರವನ್ನು ಅಳೆಯಲು ನಾಳಗಳು ಕೂಡುವ ಬಿಂದುಗಳನ್ನು ಗಣಕಯಂತ್ರದಲ್ಲಿ ಗುರುತಿಸಿ, ಗಾತ್ರವನ್ನು ಬದಿಗಿಟ್ಟು ಆಕಾರವನ್ನಷ್ಟೇ ಹೋಲಿಸುತ್ತಾರೆ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಗ್ನೇಯ ಏಷ್ಯಾದ ಡಾರ್ಸಾಲಿಸ್, ಪಪಾಯೇ ಮತ್ತು ಫಿಲಿಪ್ಪಿನೆನ್ಸಿಸ್ ನೊಣಗಳ ರೆಕ್ಕೆಯನ್ನೂ ಮೈಟೊಕಾಂಡ್ರಿಯದ ಡಿಎನ್‌ಎಯನ್ನೂ ಹೋಲಿಸಿ, ಇವು ಒಂದೇ ಪ್ರಭೇದ ಎಂಬ ಊಹೆಗೆ ಬೆಂಬಲ ನೀಡಿತು.

ಕೂಡುವಿಕೆಯ ಪರೀಕ್ಷೆ ಇನ್ನೂ ನೇರವಾದದ್ದು. ದೊಡ್ಡ ಪಂಜರದೊಳಗೆ ಗಿಡವನ್ನಿಟ್ಟು, ಎರಡು ಬಗೆಯ ಗಂಡುಹೆಣ್ಣುಗಳನ್ನು ಬಿಟ್ಟು, ಮುಸ್ಸಂಜೆಯಲ್ಲಿ ಯಾರು ಯಾರೊಡನೆ ಕೂಡುತ್ತಾರೆಂದು ಎಣಿಸುವುದು. ಈ ನೊಣಗಳು ಹೊತ್ತು ಮುಳುಗುವ ವೇಳೆಗೆ ಕೂಡುತ್ತವೆ. ಡಾರ್ಸಾಲಿಸ್, ಪಪಾಯೇ, ಫಿಲಿಪ್ಪಿನೆನ್ಸಿಸ್ ಎಂಬ ಹೆಸರಿನ ನೊಣಗಳು ತಮ್ಮವರು, ಪರರು ಎಂಬ ಭೇದವೆಣಿಸದೆ ಕೂಡಿದವು. ಇನ್ವೇಡೆನ್ಸ್ ವಿಷಯದಲ್ಲಿಯೂ ಹಾಗೆಯೇ ಆಯಿತು. ಕಾರಂಬೋಲೇ ಮಾತ್ರ ಹೆಚ್ಚಾಗಿ ತನ್ನವರನ್ನೇ ಆರಿಸಿಕೊಂಡಿತು.

ಪರಿಮಳದ ಸಾಕ್ಷ್ಯವೂ ಇದನ್ನೇ ಹೇಳಿತು. ಗಂಡು ನೊಣಗಳಿಗೆ ಮೀಥೈಲ್ ಯೂಜಿನಾಲ್ ಎಂಬ ಸುಗಂಧದ್ರವ್ಯದ ಮೇಲೆ ಅಪಾರ ಮೋಹ. ಈ ಆಕರ್ಷಣೆಯ ಸುಳಿವು ಮೊದಲು ಸಿಕ್ಕಿದ್ದು ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನ ಸಂಸ್ಥೆಯಲ್ಲಿ. ಸಿಟ್ರೊನೆಲ್ಲಾ ಎಣ್ಣೆಗೆ ನೊಣಗಳು ಮುತ್ತುವುದನ್ನು ಕುರಿತು ಹೌಲೆಟ್ ಎಂಬವರು 1912ರಲ್ಲಿ ಬರೆದರು. ನಮ್ಮ ತುಳಸಿಯಲ್ಲಿಯೂ ಈ ದ್ರವ್ಯವಿದೆ. ಜಜ್ಜಿದ ತುಳಸಿ ಎಲೆಯನ್ನಿಟ್ಟು ಗಂಡು ನೊಣಗಳನ್ನು ಸೆಳೆಯುವ ಉಪಾಯ ಹಿಂದಿನಿಂದಲೂ ಇದೆ. ಗಂಡು ಇದನ್ನು ತಿಂದು, ಒಡಲಿನಲ್ಲಿ ಬೇರೆ ದ್ರವ್ಯಗಳಾಗಿ ಮಾರ್ಪಡಿಸಿ, ಹೆಣ್ಣನ್ನು ಸೆಳೆಯಲು ಬಳಸುತ್ತದೆ. ಡಾರ್ಸಾಲಿಸ್, ಪಪಾಯೇ, ಫಿಲಿಪ್ಪಿನೆನ್ಸಿಸ್, ಇನ್ವೇಡೆನ್ಸ್ ಎಂಬ ನಾಲ್ಕೂ ನೊಣಗಳಲ್ಲಿ ಅದರಿಂದ ಹುಟ್ಟುವುದು ಅವೇ ಎರಡು ದ್ರವ್ಯಗಳು. ಕಾರಂಬೋಲೇಯಲ್ಲಿ ಆ ಎರಡರಲ್ಲಿ ಒಂದು, ಕಾನಿಫೆರೈಲ್ ಆಲ್ಕೊಹಾಲ್, ಮಾತ್ರ ಹುಟ್ಟುತ್ತದೆ.

ಎಲ್ಲ ಪರೀಕ್ಷೆಗಳೂ ಒಂದೇ ಬಲದವಲ್ಲ. ಮರಿಹುಳುವಿನ ಲಾಲಾಗ್ರಂಥಿಯ ದೈತ್ಯ ವರ್ಣತಂತುಗಳನ್ನು ಹೋಲಿಸಿದಾಗ ಈ ನಾಲ್ಕರ ನಡುವೆ ವ್ಯತ್ಯಾಸ ಕಾಣಲಿಲ್ಲ, ನಿಜ. ಆದರೆ ಕಾರಂಬೋಲೇಯಲ್ಲಿಯೂ ಕಾಣಲಿಲ್ಲ. ಆದ್ದರಿಂದ ಆ ಒಂದು ಪರೀಕ್ಷೆಯಿಂದ ಏನನ್ನೂ ಸಾಧಿಸಿದಂತಾಗದು. ಹೆಸರಾಂತ 'ಡಿಎನ್‌ಎ ಬಾರ್‌ಕೋಡ್' ಭಾಗವೂ ಈ ಸಂಕೀರ್ಣದಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. ಕಾರಂಬೋಲೇಯನ್ನು ಬೇರ್ಪಡಿಸಲು ಐಟಿಎಸ್-1 ಎಂಬ ಮತ್ತೊಂದು ಡಿಎನ್‌ಎ ಭಾಗ ಹೆಚ್ಚು ಉಪಯುಕ್ತ. ಇಷ್ಟಾದರೂ ಕಾರಂಬೋಲೇ ಮತ್ತು ಪಪಾಯೇಗಳ ಮಿಶ್ರ ಸಂತಾನ ಬದುಕಿ ಬೆಳೆಯುತ್ತದೆ. ಪಠ್ಯಪುಸ್ತಕದ ಗೆರೆ ನಿಸರ್ಗದಲ್ಲಿ ಅಷ್ಟು ನೇರವಾಗಿಲ್ಲ.

ಹೆಸರುಗಳ ವಿಲೀನ ಮತ್ತು ಭಿನ್ನಮತ

ಡ್ರೂ ಅವರೇ ರೋಮಿಗ್ ಅವರೊಡನೆ 2013ರಲ್ಲಿ ಹೊರತಂದ ಗ್ರಂಥದಲ್ಲಿ ಫಿಲಿಪ್ಪಿನೆನ್ಸಿಸ್ ಎಂಬುದನ್ನು ಕೈಬಿಟ್ಟು ಪಪಾಯೇಯೊಳಗೆ ಸೇರಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗಳು ಜೊತೆಗೂಡಿ ನಡೆಸಿದ ಯೋಜನೆಯಲ್ಲಿ ಸುಮಾರು 20 ದೇಶಗಳ ಐವತ್ತರಷ್ಟು ಸಂಶೋಧಕರು ಮೇಲಿನ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿದರು. ಮಾರ್ಕ್ ಶುಟ್ಸ್ ಮತ್ತು ಸಂಗಡಿಗರ ಹೆಸರಿನಲ್ಲಿ 'ಸಿಸ್ಟಮ್ಯಾಟಿಕ್ ಎಂಟಮಾಲಜಿ' ಪತ್ರಿಕೆಯ 2015ರ ಸಂಪುಟದಲ್ಲಿ ಪ್ರಕಟವಾದ ಪ್ರಬಂಧವು ಪಪಾಯೇ ಮತ್ತು ಇನ್ವೇಡೆನ್ಸ್‌ಗಳನ್ನು ಡಾರ್ಸಾಲಿಸ್‌ನ ಸಮಾನನಾಮಗಳೆಂದು ಸಾರಿತು. ನಾಮಕರಣದ ನಿಯಮದಂತೆ ಮಾನ್ಯ ಹೆಸರುಗಳಲ್ಲಿ ಹಳೆಯದು ಉಳಿಯುತ್ತದೆ. ಆದುದರಿಂದ 1912ರ ಹೆಂಡೆಲನ ಹೆಸರೇ ನಿಂತಿತು. ಕಾರಂಬೋಲೇ ಬೇರೆ ಪ್ರಭೇದವಾಗಿಯೇ ಉಳಿಯಿತು.

ಡ್ರೂ ಮತ್ತು ರೋಮಿಗ್ ಇದನ್ನು ಒಪ್ಪಲಿಲ್ಲ. 2016ರ ತಮ್ಮ ಗ್ರಂಥದಲ್ಲಿ ಅವರು ಪಪಾಯೇ ಮತ್ತು ಇನ್ವೇಡೆನ್ಸ್‌ಗಳನ್ನು ಮತ್ತೆ ಪ್ರತ್ಯೇಕ ಪ್ರಭೇದಗಳೆಂದು ಎತ್ತಿ ಹಿಡಿದರು. 2017ರಲ್ಲಿ ಶುಟ್ಸ್ ತಂಡವು, ಅನೇಕ ಬಗೆಯ ಸಾಕ್ಷ್ಯಗಳ ಎದುರಿಗೆ ಹಿರಿಯ ತಜ್ಞರ ಅಭಿಪ್ರಾಯವೊಂದೇ ಸಾಲದು ಎಂದು ಅದೇ ಪತ್ರಿಕೆಯಲ್ಲಿ ಉತ್ತರಿಸಿತು. ಈಗ ಬಹುಮಟ್ಟಿಗೆ ಬಳಕೆಯಲ್ಲಿರುವುದು 2015ರ ನಿರ್ಣಯ. ಐವತ್ತೆರಡು ಪ್ರಭೇದಗಳನ್ನು ಕಣ್ಣಾರೆ ನೋಡಿ ವಿಂಗಡಿಸಿದವರ ಕಣ್ಣು ಸಾಮಾನ್ಯವಾದುದಲ್ಲ. ಆದರೆ ಕಣ್ಣಿಗೆ ಕಂಡ ವ್ಯತ್ಯಾಸ ಸುಳ್ಳೆಂದು ಯಾರೂ ಹೇಳಿಲ್ಲ. ಅದು ಪ್ರಭೇದದ ಗೆರೆಯಲ್ಲ ಎಂದಷ್ಟೇ ಹೇಳಿದ್ದಾರೆ.

ದಕ್ಷಿಣ ಭಾರತದಲ್ಲಿ

ನಮ್ಮ ಮಾವು, ಸೀಬೆ ತೋಟಗಳ ಮೋಹಕ ಬಲೆಗಳಲ್ಲಿ ಡಾರ್ಸಾಲಿಸ್ ಜೊತೆಗೆ ಇನ್ನೂ ಮೂರು ನೊಣಗಳು ಬೀಳುತ್ತವೆ. ಇವು ಒಳಭೇದಗಳಲ್ಲ, ಬೇರೆ ಪ್ರಭೇದಗಳೇ. ಮೈಯೆಲ್ಲ ಕೆಂಗಂದಾಗಿದ್ದು, ರೆಕ್ಕೆಯಂಚಿನ ಪಟ್ಟಿ ಪೂರ್ಣವಾಗಿರದೆ ತುದಿಯಲ್ಲಿ ಒಂದು ಚುಕ್ಕೆಯುಳ್ಳದ್ದು ಝೊನೇಟಾ. ಬೆನ್ನು ಕಪ್ಪಾಗಿದ್ದರೂ ರೆಕ್ಕೆಪಟ್ಟಿ ತುಂಡಾಗಿ, ಮುಖದಲ್ಲಿ ದುಂಡು ಚುಕ್ಕೆಗಳ ಬದಲು ಅಡ್ಡಗೆರೆಯಂಥ ಗುರುತುಳ್ಳದ್ದು ಕರೆಕ್ಟಾ. ಬಲು ಕಪ್ಪಾಗಿದ್ದು, ತೊಡೆಗಳ ಮೇಲೆ ಕಪ್ಪು ಮಚ್ಚೆಗಳುಳ್ಳದ್ದು ಕ್ಯಾರಿಯೇ. ಕೊನೆಯದು ಡಾರ್ಸಾಲಿಸ್ ಸಂಕೀರ್ಣಕ್ಕೇ ಸೇರಿದ್ದು, ದಕ್ಷಿಣ ಭಾರತದ್ದು. ಡಾರ್ಸಾಲಿಸ್‌ನ ಕಪ್ಪು ರೂಪವೆಂದು ತಪ್ಪಾಗಿ ತಿಳಿಯುವ ಸಂಭವ ಹೆಚ್ಚು. ಸೌತೆ, ಹಾಗಲ, ಹೀರೆಗಳಿಗೆ ಬೀಳುವ ಹಣ್ಣಿನ ನೊಣ ಬೇರೆ ಜಾತಿಯದು. ಅದು ಮೀಥೈಲ್ ಯೂಜಿನಾಲ್ ಬಲೆಗೆ ಬರುವುದಿಲ್ಲ, ಅದಕ್ಕೆ ಕ್ಯೂಲ್ಯೂರ್ ಎಂಬ ಬೇರೆ ಆಮಿಷ ಬೇಕು. ಭಾರತದ ಪರ್ಯಾಯದ್ವೀಪ ಹಾಗೂ ಅಂಡಮಾನ್ ನಿಕೋಬಾರ್ ದ್ವೀಪಗಳ ಹಣ್ಣಿನ ನೊಣಗಳನ್ನು ಗುರುತಿಸಲು ಡೇವಿಡ್ ಮತ್ತು ರಮಣಿ 2011ರಲ್ಲಿ ಪ್ರಕಟಿಸಿದ ಸಚಿತ್ರ ಕೀಲಿಕೈ ವಿದ್ಯಾರ್ಥಿಗಳಿಗೆ ಅನುಕೂಲವಾದದ್ದು.

ಹಳೆಯ ಬರಹಗಳನ್ನು ಓದುವ ಕ್ರಮ

1994ರಿಂದ 2015ರವರೆಗಿನ ಸಾಹಿತ್ಯದಲ್ಲಿ ಪಪಾಯೇ, ಫಿಲಿಪ್ಪಿನೆನ್ಸಿಸ್, ಇನ್ವೇಡೆನ್ಸ್ ಎಂದಿರುವಲ್ಲಿ ಇಂದು ಡಾರ್ಸಾಲಿಸ್ ಎಂದು ಓದಿಕೊಳ್ಳಬಹುದು. 1994ಕ್ಕಿಂತ ಹಿಂದಿನ ಬರಹಗಳಲ್ಲಿ ಕಷ್ಟ ಬೇರೆಯದು. ಅಲ್ಲಿನ ಡಾರ್ಸಾಲಿಸ್ ಎಂಬ ಮಾತಿನಲ್ಲಿ ಕಾರಂಬೋಲೇ ಮುಂತಾದ ನಿಜವಾಗಿಯೂ ಬೇರೆಯಾದ ಪ್ರಭೇದಗಳೂ ಅಡಗಿರಬಹುದು. ದಕ್ಷಿಣ ಅಮೆರಿಕದ ಸುರಿನಾಮ್ ದೇಶದಲ್ಲಿ 1975ರಲ್ಲಿ ಕಂಡ ನೊಣವನ್ನು ಮೊದಲಿಗೆ ಡಾರ್ಸಾಲಿಸ್ ಎಂದೇ ಭಾವಿಸಲಾಗಿತ್ತು, ಅದು ಕಾರಂಬೋಲೇ. ಅಂಥ ದಾಖಲೆಗಳಲ್ಲಿ ಸಂಗ್ರಹಿಸಿದ ಸ್ಥಳ, ಹಣ್ಣಿನ ಹೆಸರು ಮತ್ತು ಸಾಧ್ಯವಿದ್ದರೆ ಸಂಗ್ರಹಾಲಯದಲ್ಲಿ ಉಳಿದಿರುವ ಮಾದರಿಯನ್ನು ನೋಡದೆ ಹೆಸರನ್ನು ಬದಲಿಸಬಾರದು.